ನಿಮಗಿದು ಗೊತ್ತೇ? ಪರಿಹಾರ ಕೊಟ್ಟ ವಿಮಾ ಕಂಪನಿ ನಿಮ್ಮ ಹೆಸರಿನಲ್ಲೇ ಕೋರ್ಟಿಗೆ ಹೋಗಬಹುದು!

ವಿಮೆಯ ಹಣ ಖಾತೆಗೆ ಬಿದ್ದ ದಿನ ಪಾಲಿಸಿದಾರರ ಪಾಲಿಗೆ ಪ್ರಕರಣ ಮುಗಿದಂತೆ. ಆದರೆ ನಷ್ಟಕ್ಕೆ ಬೇರೆ ಯಾರೋ ಕಾರಣರಾಗಿದ್ದರೆ ಅದೇ ದಿನ ಇನ್ನೊಂದು ಪ್ರಕರಣ ಶುರುವಾಗುತ್ತದೆ. ಹಣ ಕೊಟ್ಟ ಕಂಪನಿ ನಿಮ್ಮ ಜಾಗದಲ್ಲಿ ನಿಂತು ತಪ್ಪು ಮಾಡಿದವರಿಂದ ವಸೂಲಿಗೆ ಹೊರಡುತ್ತದೆ. ಇದೇ ಸಬ್ರೊಗೇಷನ್. ಕ್ಲೇಮಿನ ಕಾಗದಗಳ ನಡುವೆ ಬರುವ ಈ ಹೆಸರಿನ ಪತ್ರಕ್ಕೆ ಓದದೆ ಸಹಿ ಹಾಕುವವರೇ ಹೆಚ್ಚು. ಕಂಪನಿಯ ಆ ಹಕ್ಕು ಹುಟ್ಟುವುದು ನಿಮ್ಮ ಹಕ್ಕಿನಿಂದ. ಅದನ್ನು ಉಳಿಸುವುದೂ ಕೆಡಿಸುವುದೂ ನಿಮ್ಮ ಕೈಯಲ್ಲಿದೆ. ಹಾಗಾಗಿ ಇದನ್ನು ತಿಳಿದಿರಲೇಬೇಕು.

ಬೇರು ಎಲ್ಲಿದೆ?

1. ಲಾರಿಯೊಂದು ನುಗ್ಗಿ ನಿಮ್ಮ ಅಂಗಡಿಯ ಗೋಡೆ ಬಿತ್ತು ಎನ್ನಿ. ನಷ್ಟ 3 ಲಕ್ಷ ರೂಪಾಯಿ. ವಿಮಾ ಕಂಪನಿ 3 ಲಕ್ಷ ಕೊಟ್ಟಿತು. ಲಾರಿ ಮಾಲೀಕರಿಂದಲೂ ನೀವು 3 ಲಕ್ಷ ಪಡೆದರೆ ಒಂದೇ ಗೋಡೆಗೆ ಎರಡು ಬಾರಿ ಹಣ ಬಂದಂತಾಯಿತು. ನೀವು ಸುಮ್ಮನಿದ್ದರೆ ತಪ್ಪು ಮಾಡಿದವರು ಒಂದು ಪೈಸೆಯೂ ಕೊಡದೆ ಪಾರಾಗುತ್ತಾರೆ. ಈ ಎರಡೂ ಆಗದಂತೆ ತಡೆಯುವ ನಿಯಮವೇ ಸಬ್ರೊಗೇಷನ್.

2. ವಿಮೆ ಇರುವುದು ಆದ ನಷ್ಟವನ್ನು ತುಂಬಿಕೊಡಲು. ಅದರಿಂದ ಲಾಭ ಮಾಡಿಕೊಳ್ಳುವಂತಿಲ್ಲ. ಬೆಂಕಿ, ಸಾಗಣೆ, ವಾಹನ ವಿಮೆಗಳೆಲ್ಲ ಈ ನಷ್ಟಭರ್ತಿ ತತ್ತ್ವದ ಮೇಲೆ ನಿಂತಿವೆ. ಸಬ್ರೊಗೇಷನ್ ಅದರದ್ದೇ ಕವಲು.

3. ಬ್ರಿಟನ್ನಿನ 1906ರ ಸಾಗರ ವಿಮಾ ಕಾಯ್ದೆಯಲ್ಲೂ ಭಾರತದ 1963ರ ಸಾಗರ ವಿಮಾ ಕಾಯ್ದೆಯಲ್ಲೂ ಈ ಹಕ್ಕು ಇರುವುದು ಒಂದೇ ಸಂಖ್ಯೆಯ ಸೆಕ್ಷನ್‌ನಲ್ಲಿ: 79. ಸರಕು ಪೂರ್ತಿ ನಷ್ಟವಾಗಿ ಪೂರ್ತಿ ಹಣ ಕೊಟ್ಟ ಕಂಪನಿ ಉಳಿದ ಅವಶೇಷವನ್ನೂ ತನ್ನದಾಗಿಸಿಕೊಳ್ಳಬಹುದು. ಭಾಗಶಃ ನಷ್ಟಕ್ಕೆ ಹಣ ಕೊಟ್ಟಿದ್ದರೆ ವಸೂಲಿಯ ಹಕ್ಕು ಮಾತ್ರ ಸಿಗುತ್ತದೆ, ಸರಕು ನಿಮ್ಮದಾಗಿಯೇ ಉಳಿಯುತ್ತದೆ.

4. ಇದರ ಇತಿಹಾಸಕ್ಕೆ ಕಾಯ್ದೆಗಳಿಗಿಂತ ಹೆಚ್ಚು ವಯಸ್ಸಾಗಿದೆ. ಸ್ಪೇನಿನವರು ಇಂಗ್ಲಿಷ್ ಹಡಗುಗಳನ್ನು ಹಿಡಿದಾಗ, ಪ್ರತಿಯಾಗಿ ವಶಪಡಿಸಿಕೊಂಡ ಹಡಗುಗಳ ಹಣದಲ್ಲಿ ನಷ್ಟ ಅನುಭವಿಸಿದವರಿಗೆ ಪಾಲು ಕೊಡುವ ವ್ಯವಸ್ಥೆಯಾಯಿತು. ಆ ಹೊತ್ತಿಗೆ ಮಾಲೀಕರಿಗೆ ವಿಮೆಯ ಹಣ ಸಂದಿತ್ತು. 1748ರಲ್ಲಿ ಲಾರ್ಡ್ ಹಾರ್ಡ್‌ವಿಕ್ ಹೇಳಿದ ನ್ಯಾಯ: ಆ ಪಾಲು ವಿಮೆ ಕೊಟ್ಟವರಿಗೆ ಸೇರಬೇಕು, ಮಾಲೀಕ ಅದನ್ನು ಅವರ ಪರವಾಗಿ ಇಟ್ಟುಕೊಂಡ ಟ್ರಸ್ಟಿ ಮಾತ್ರ.

5. 1780ರಲ್ಲಿ ಲಂಡನ್ನಿನಲ್ಲಿ ದೊಡ್ಡ ದೊಂಬಿಯಾಗಿ ಮನೆಗಳು ನೆಲಸಮವಾದವು. ದೊಂಬಿಯ ನಷ್ಟಕ್ಕೆ ಆಯಾ ಪ್ರದೇಶದ ಜನರೇ ಹೊಣೆ ಎಂಬ ಕಾನೂನು ಆಗ ಇತ್ತು. ಹಣ ಕೊಟ್ಟಿದ್ದ ವಿಮಾ ಸಂಸ್ಥೆ ಮನೆಯೊಡೆಯನ ಹೆಸರಿನಲ್ಲಿ ದಾವೆ ಹೂಡಿತು. 1782ರಲ್ಲಿ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಅದನ್ನು ಒಪ್ಪಿದರು. ಪಾಲಿಸಿದಾರರ ಹೆಸರಿನಲ್ಲಿ ಕಂಪನಿ ದಾವೆ ಹೂಡುವ ಪದ್ಧತಿ ಇಂದಿಗೂ ನಡೆದಿದೆ.

ಕೋರ್ಟುಗಳು ಕಂಡ ವಿಚಿತ್ರಗಳು

6. ಲಿವರ್‌ಪೂಲಿನ ಮಾಲೀಕರೊಬ್ಬರು ತಮ್ಮ ಕಟ್ಟಡವನ್ನು 3,100 ಪೌಂಡಿಗೆ ಮಾರಲು ಕರಾರು ಮಾಡಿಕೊಂಡಿದ್ದರು. ವ್ಯವಹಾರ ಪೂರ್ಣವಾಗುವ ಮೊದಲೇ ಬೆಂಕಿ ಬಿತ್ತು. ವಿಮೆಯಿಂದ 330 ಪೌಂಡ್ ಬಂತು. ಬಳಿಕ ಕೊಂಡವರು ಕರಾರಿನಂತೆ ಪೂರ್ತಿ ಬೆಲೆಯನ್ನೂ ಕೊಟ್ಟರು. ಮಾಲೀಕರಿಗೆ ನಷ್ಟವೇ ಆಗಲಿಲ್ಲ! 1883ರ ತೀರ್ಪಿನಂತೆ ಆ 330 ಪೌಂಡ್ ವಿಮಾ ಕಂಪನಿಗೆ ವಾಪಸಾಯಿತು. ನಷ್ಟಭರ್ತಿ ತತ್ತ್ವ ಕಲಿಸುವಾಗ ಕಾನೂನು ಕಾಲೇಜುಗಳಲ್ಲಿ ಇಂದಿಗೂ ಹೇಳುವ ಪ್ರಕರಣ ಇದು.

7. ಡನ್ಲೂಸ್ ಕ್ಯಾಸಲ್ ಮತ್ತು ಫಿಟ್ಜ್‌ಮಾರಿಸ್ ಎಂಬ ಹಡಗುಗಳು ಡಿಕ್ಕಿ ಹೊಡೆದು ಮೊದಲನೆಯದು ಮುಳುಗಿತು. ತಪ್ಪು ಎರಡನೆಯದರದ್ದು. ಆದರೆ ಎರಡಕ್ಕೂ ಮಾಲೀಕ ಒಬ್ಬನೇ. ಹಣ ಕೊಟ್ಟ ವಿಮೆದಾರರು ವಸೂಲಿಗೆ ಬಂದಾಗ 1877ರಲ್ಲಿ ಹೌಸ್ ಆಫ್ ಲಾರ್ಡ್ಸ್ ಇಲ್ಲ ಎಂದಿತು. ತನ್ನ ಮೇಲೆ ತಾನೇ ದಾವೆ ಹೂಡಲು ಯಾರಿಗೂ ಬರುವುದಿಲ್ಲ. ಪಾಲಿಸಿದಾರನಿಗೇ ಇಲ್ಲದ ಹಕ್ಕು ಅವನ ಜಾಗದಲ್ಲಿ ನಿಂತವರಿಗೆ ಎಲ್ಲಿಂದ ಬರಬೇಕು?

8. ಅಮೆರಿಕದ ಅಂತರ್ಯುದ್ಧದಲ್ಲಿ ಬ್ರಿಟನ್ನಿನಲ್ಲಿ ಕಟ್ಟಿದ, ದಕ್ಷಿಣದವರ ‘ಅಲಬಾಮಾ’ ಹಡಗು ಹಲವು ವ್ಯಾಪಾರಿ ಹಡಗುಗಳನ್ನು ನಾಶಮಾಡಿತು. 1872ರಲ್ಲಿ ಜಿನೀವಾದ ಪಂಚಾಯ್ತಿ ಬ್ರಿಟನ್ನಿಗೆ 1.55 ಕೋಟಿ ಡಾಲರ್ ದಂಡ ಹಾಕಿತು. ಆ ನಿಧಿಯಿಂದ ಅಮೆರಿಕ ಸರ್ಕಾರ ಒಬ್ಬ ಸರಕಿನ ಮಾಲೀಕರಿಗೆ ವಿಮೆ ತುಂಬದೆ ಬಿಟ್ಟಿದ್ದ ಭಾಗವನ್ನು ಕೊಟ್ಟಿತು. ಅದೂ ತಮಗೇ ಎಂದು ವಿಮೆದಾರರು ಕೇಳಿದರು. 1882ರಲ್ಲಿ ಉತ್ತರ ಬಂತು: ಮಾಲೀಕರಿಗೆಂದೇ ಕೊಟ್ಟ ಕೊಡುಗೆಯ ಮೇಲೆ ವಿಮೆದಾರರಿಗೆ ಹಕ್ಕಿಲ್ಲ.

9. ಕೊಟ್ಟದ್ದಕ್ಕಿಂತ ಹೆಚ್ಚು ವಸೂಲಾದರೆ? 1945ರಲ್ಲಿ ‘ಬ್ಲೇರ್‌ನೆವಿಸ್’ ಹಡಗು ಕೆನಡಾ ನೌಕಾಪಡೆಯ ಹಡಗಿಗೆ ಡಿಕ್ಕಿಯಾಗಿ ನಷ್ಟವಾಯಿತು. ವಿಮೆ ಕೊಟ್ಟದ್ದು 72,000 ಪೌಂಡ್. 1949ರಲ್ಲಿ ಪೌಂಡಿನ ಬೆಲೆ ಇಳಿಯಿತು. ಹಾಗಾಗಿ 1958ರಲ್ಲಿ ಕೆನಡಾದ ಡಾಲರಿನಲ್ಲಿ ಬಂದ ಪರಿಹಾರ ಸುಮಾರು 1,27,000 ಪೌಂಡ್ ಆಯಿತು. ಕೋರ್ಟು ಕಂಪನಿಗೆ ಕೊಡಿಸಿದ್ದು ಅದು ಕೊಟ್ಟಿದ್ದ 72,000 ಮಾತ್ರ. ಉಳಿದದ್ದು ಹಡಗಿನ ಮಾಲೀಕರದ್ದಾಯಿತು. ಕಂಪನಿ ತಾನು ಕೊಟ್ಟಷ್ಟನ್ನೇ ವಾಪಸು ಪಡೆಯಬಹುದು ಎಂಬ ಮಿತಿ ಅಲ್ಲಿ ಗಟ್ಟಿಯಾಯಿತು.

10. ಇಂಗ್ಲೆಂಡಿನ ರಾಮ್‌ಫರ್ಡ್‌ನ ಕಸಾಯಿಖಾನೆಯ ಅಂಗಳದಲ್ಲಿ ಲಾರಿ ಹಿಂದಕ್ಕೆ ತೆಗೆಯುವಾಗ ಚಾಲಕನಿಂದ ಅಪಘಾತವಾಗಿ, ಜೊತೆಗಿದ್ದ ಅವನ ತಂದೆಗೇ ಪೆಟ್ಟಾಯಿತು. ಮಾಲೀಕರ ವಿಮಾ ಕಂಪನಿ ತಂದೆಗೆ ಪರಿಹಾರ ಕೊಟ್ಟಿತು. ಆಮೇಲೆ ಮಾಲೀಕರ ಹೆಸರಿನಲ್ಲಿ ಮಗನ ಮೇಲೆ ದಾವೆ ಹೂಡಿತು. ಹೌಸ್ ಆಫ್ ಲಾರ್ಡ್ಸ್‌ನಲ್ಲಿ 3–2ರ ಬಹುಮತದಿಂದ ಕಂಪನಿ ಗೆದ್ದಿತು. ದುಡಿಯುವ ಕೈಯಿಂದ ವಸೂಲಿ ಮಾಡುವುದು ಸರಿಯೇ ಎಂಬ ಪ್ರಶ್ನೆ ಎದ್ದಿತು. ಮೋಸ ಅಥವಾ ಬೇಕೆಂದೇ ಮಾಡಿದ ತಪ್ಪು ಇಲ್ಲದಿದ್ದರೆ ನೌಕರರ ಮೇಲೆ ಹೀಗೆ ಹೋಗುವುದಿಲ್ಲ ಎಂದು ಬ್ರಿಟನ್ನಿನ ವಿಮಾ ಕಂಪನಿಗಳು ತಾವೇ ಮಾತು ಕೊಟ್ಟವು. ಕಾನೂನು ಕೊಟ್ಟ ಹಕ್ಕನ್ನು ನ್ಯಾಯಬುದ್ಧಿ ತಡೆದ ಉದಾಹರಣೆ ಇದು.

11. ಅಮೆರಿಕದ ಓಕ್ಲಹೋಮಾದಲ್ಲಿ ಬಾಡಿಗೆ ಮನೆಯ ಹುಡುಗನೊಬ್ಬ ಪಾಪ್‌ಕಾರ್ನ್ ಮಾಡುವ ವಿದ್ಯುತ್ ಪಾತ್ರೆಯಲ್ಲಿ ರಸಾಯನಶಾಸ್ತ್ರದ ಪ್ರಯೋಗ ಮಾಡಿ ಮನೆಗೆ ಬೆಂಕಿ ತಗುಲಿತು. ಮನೆಯೊಡೆಯರ ವಿಮಾ ಕಂಪನಿ ಬಾಡಿಗೆದಾರರ ಮೇಲೆ ದಾವೆ ಹೂಡಿತು. 1975ರಲ್ಲಿ ಅಲ್ಲಿನ ಕೋರ್ಟು, ಕಟ್ಟುವ ಬಾಡಿಗೆಯಲ್ಲೇ ವಿಮೆಯ ಕಂತೂ ಸೇರಿರುತ್ತದೆ, ಆದ್ದರಿಂದ ಬಾಡಿಗೆದಾರರನ್ನೂ ಆ ವಿಮೆಯೊಳಗಿನವರೆಂದೇ ಎಣಿಸಬೇಕು ಎಂದಿತು. ತಾನು ವಿಮೆ ಮಾಡಿದವರ ಮೇಲೆ ಕಂಪನಿ ಸಬ್ರೊಗೇಷನ್ ಹಕ್ಕು ಚಲಾಯಿಸುವಂತಿಲ್ಲ.

ಕಡಲಡಿಯ ಚಿನ್ನ, ಕಳುವಾದ ಚಿತ್ರ

12. 1799ರ ಅಕ್ಟೋಬರ್ 9ರಂದು ಚಿನ್ನ ಹೊತ್ತ ‘ಲೂಟೀನ್’ ಹಡಗು ಡಚ್ ಕರಾವಳಿಯಲ್ಲಿ ಮುಳುಗಿತು. ಲಂಡನ್ನಿನ ಲಾಯ್ಡ್ಸ್‌ನ ವಿಮೆದಾರರು ಕ್ಲೇಮನ್ನು ಪೂರ್ತಿಯಾಗಿ ತೀರಿಸಿದರು. ಹಾಗಾಗಿ ಅವಶೇಷದ ಮೇಲಿನ ಹಕ್ಕು ಅವರದಾಯಿತು. 1858ರಲ್ಲಿ ಅದರ ಗಂಟೆ ಸಿಕ್ಕಿತು. ಅದು ಇಂದಿಗೂ ಲಾಯ್ಡ್ಸ್ ಕಟ್ಟಡದ ನಡುಮನೆಯಲ್ಲಿ ತೂಗುತ್ತಿದೆ.

13. ಕ್ಯಾಲಿಫೋರ್ನಿಯಾದ ಚಿನ್ನ ತರುತ್ತಿದ್ದ ‘ಸೆಂಟ್ರಲ್ ಅಮೆರಿಕ’ ಹಡಗು 1857ರ ಸೆಪ್ಟೆಂಬರಿನ ಚಂಡಮಾರುತದಲ್ಲಿ ಮುಳುಗಿ ನಾನ್ನೂರಕ್ಕೂ ಹೆಚ್ಚು ಜನ ಸತ್ತರು. 1988ರಲ್ಲಿ ಚಿನ್ನ ಪತ್ತೆಯಾದಾಗ, ಅಂದು ಹಣ ತೆತ್ತಿದ್ದ ವಿಮಾ ಕಂಪನಿಗಳ ವಾರಸುದಾರರು ಕೋರ್ಟಿಗೆ ಬಂದರು. ಕಂಪನಿಗಳು ಹಕ್ಕು ಬಿಟ್ಟುಕೊಟ್ಟಿಲ್ಲ ಎಂದು ಮೇಲ್ಮನವಿ ಕೋರ್ಟು 1992ರಲ್ಲಿ ಒಪ್ಪಿತು. ಕಷ್ಟಪಟ್ಟು ಹುಡುಕಿದವರಿಗೆ ಸುಮಾರು ಶೇ. 90ರ ಪಾಲು ಸಿಕ್ಕಿತು. ಉಳಿದದ್ದರಲ್ಲಿ ವಿಮೆದಾರರ ಹಕ್ಕು ನಿಂತಿತು. 130 ವರ್ಷ ಕಳೆದರೂ ಆ ಹಕ್ಕು ಸತ್ತಿರಲಿಲ್ಲ.

14. 1994ರಲ್ಲಿ ಫ್ರಾಂಕ್‌ಫರ್ಟಿನ ಪ್ರದರ್ಶನದಿಂದ ಲಂಡನ್ನಿನ ಟೇಟ್ ಸಂಗ್ರಹದ ಎರಡು ಟರ್ನರ್ ಚಿತ್ರಗಳು ಕಳುವಾದವು. ವಿಮೆದಾರರು ಕೊಟ್ಟದ್ದು 2.4 ಕೋಟಿ ಪೌಂಡ್. ಚಿತ್ರಗಳ ಒಡೆತನ ಅವರದಾಯಿತು. 1998ರಲ್ಲಿ ಟೇಟ್ 80 ಲಕ್ಷ ಪೌಂಡ್ ಕೊಟ್ಟು ಆ ಒಡೆತನವನ್ನು ಮರಳಿ ಕೊಂಡಿತು. ಆಗಿನ್ನೂ ಚಿತ್ರಗಳು ಸಿಕ್ಕಿರಲಿಲ್ಲ. 2000 ಮತ್ತು 2002ರಲ್ಲಿ ಎರಡೂ ಸಿಕ್ಕಿ ಗ್ಯಾಲರಿಗೆ ಮರಳಿದವು.

ಮೊದಲು ಯಾರಿಗೆ?

15. ಈ ಹಕ್ಕನ್ನು ಮಾರಲೂಬಹುದು. ಕ್ಯಾಲಿಫೋರ್ನಿಯಾದಲ್ಲಿ 2017 ಮತ್ತು 2018ರಲ್ಲಿ ಭೀಕರ ಕಾಳ್ಗಿಚ್ಚು ಹಬ್ಬಿತು. ಪಿಜಿ ಅಂಡ್ ಇ ವಿದ್ಯುತ್ ಕಂಪನಿಯ ಮೇಲೆ ವಿಮಾ ಕಂಪನಿಗಳು ಸಬ್ರೊಗೇಷನ್ ಕ್ಲೇಮು ಹೂಡಿದವು. ಬೌಪೋಸ್ಟ್ ಎಂಬ ಹೂಡಿಕೆ ಸಂಸ್ಥೆ ಅಂಥ ಹಲವು ಕ್ಲೇಮುಗಳನ್ನು ಖರೀದಿಸಿತ್ತು. 2019ರಲ್ಲಿ ವಿಮೆಯ ಬಣದೊಂದಿಗೆ 1,100 ಕೋಟಿ ಡಾಲರಿಗೆ ರಾಜಿಯಾಯಿತು. ಮನೆಮಠ ಕಳೆದುಕೊಂಡವರಿಗೆ ಗೊತ್ತಾದದ್ದು 1,350 ಕೋಟಿ ಡಾಲರ್. ಅದರಲ್ಲಿ ಅರ್ಧ ಆ ಕಂಪನಿಯ ಷೇರಿನ ರೂಪದಲ್ಲಿ! ಸುಟ್ಟುಹೋದ ಊರಿನವರು ಷೇರು ಪೇಟೆಯ ಏರಿಳಿತಕ್ಕೆ ಕಾಯುವಂತಾದದ್ದು ನೋವಿನ ಸಂಗತಿ.

16. ಅಮೆರಿಕದಲ್ಲಿ ಆರೋಗ್ಯ ಯೋಜನೆಗಳೂ ಹೀಗೆ ಹಣ ವಾಪಸು ಕೇಳುತ್ತವೆ. ಲಾರಿ ಅಪಘಾತದಲ್ಲಿ ಮಿದುಳಿಗೆ ಪೆಟ್ಟಾದ ಮಹಿಳಾ ಉದ್ಯೋಗಿಯೊಬ್ಬರಿಗೆ ಬಂದ ಪರಿಹಾರದಿಂದ ವಾಲ್‌ಮಾರ್ಟ್‌ನ ಆರೋಗ್ಯ ಯೋಜನೆ ಸುಮಾರು 4.7 ಲಕ್ಷ ಡಾಲರ್ ಕೇಳಿ ಕೋರ್ಟಿನಲ್ಲಿ ಗೆದ್ದಿತು. ಆಕೆಯ ಆರೈಕೆಗೆಂದು ಉಳಿದಿದ್ದ ಹಣ ಅದಕ್ಕಿಂತಲೂ ಕಡಿಮೆ. ದೇಶದಾದ್ಯಂತ ಜನ ಸಿಟ್ಟಾದರು. 2008ರ ಏಪ್ರಿಲಿನಲ್ಲಿ ಕಂಪನಿ ತನ್ನ ಬೇಡಿಕೆಯನ್ನು ಕೈಬಿಟ್ಟಿತು.

17. ಸಾಮಾನ್ಯ ನಿಯಮ ಪಾಲಿಸಿದಾರರ ಪರವಾಗಿದೆ. ನಷ್ಟ 10 ಲಕ್ಷ, ವಿಮೆ ಕೊಟ್ಟದ್ದು 7 ಲಕ್ಷ, ತಪ್ಪು ಮಾಡಿದವರಿಂದ ವಸೂಲಾದದ್ದು 5 ಲಕ್ಷ ಎನ್ನಿ. ಮೊದಲು ನಿಮ್ಮ ಬಾಕಿ 3 ಲಕ್ಷ ತುಂಬಬೇಕು. ಮಿಕ್ಕ 2 ಲಕ್ಷ ಕಂಪನಿಗೆ. ಆದರೆ ನೀವು ಸಹಿ ಮಾಡುವ ಪತ್ರದ ಮಾತುಗಳು ಈ ಲೆಕ್ಕವನ್ನು ಬದಲಿಸಬಲ್ಲವು.

ನಮ್ಮ ಸುಪ್ರೀಂ ಕೋರ್ಟು ಹೇಳಿದ್ದು

18. ಚರಣ್ ಸ್ಪಿನ್ನಿಂಗ್ ಮಿಲ್ಸ್ ಕೋಲ್ಕತ್ತಕ್ಕೆ ಕಳಿಸಿದ ಹತ್ತಿ ನೂಲು ಲಾರಿ ಅಪಘಾತದಲ್ಲಿ ಹಾಳಾಯಿತು. ನ್ಯಾಷನಲ್ ಇನ್ಶೂರೆನ್ಸ್ ಪರಿಹಾರ ಕೊಟ್ಟಿತು. ಆಮೇಲೆ ಮಿಲ್ಲು ಮತ್ತು ವಿಮಾ ಕಂಪನಿ ಸೇರಿ ಸಾಗಣೆ ಸಂಸ್ಥೆಯ ಮೇಲೆ ಗ್ರಾಹಕರ ವೇದಿಕೆಗೆ ಹೋದವು. 2010ರ ಫೆಬ್ರುವರಿ 17ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಇದರ ತೀರ್ಪು ಕೊಟ್ಟಿತು. ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್.

19. ಆ ತೀರ್ಪು ಮೂರು ಬಗೆಗಳನ್ನು ಬಿಡಿಸಿಟ್ಟಿತು. ಒಂದು, ಪತ್ರವೇ ಇಲ್ಲದಿದ್ದರೂ ಹಣ ಕೊಟ್ಟ ಕಾರಣಕ್ಕೆ ನ್ಯಾಯತತ್ತ್ವದಿಂದ ಹುಟ್ಟುವ ಹಕ್ಕು. ಎರಡು, ಪತ್ರದ ಷರತ್ತುಗಳ ಪ್ರಕಾರ ನಡೆಯುವ ಹಕ್ಕು. ಮೂರು, ಸಬ್ರೊಗೇಷನ್ ಜೊತೆಗೆ ನಿಮ್ಮ ಹಕ್ಕನ್ನೇ ಕಂಪನಿಗೆ ವರ್ಗಾಯಿಸುವುದು. ಮೂರನೆಯದರಲ್ಲಿ ಕಂಪನಿ ತನ್ನ ಹೆಸರಿನಲ್ಲೇ ದಾವೆ ಹೂಡಬಹುದು, ಬಂದದ್ದನ್ನೆಲ್ಲ ಇಟ್ಟುಕೊಳ್ಳಬಹುದು. 17ನೇ ಅಂಶದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ವಿಮೆ ನಿಮ್ಮ ಪೂರ್ತಿ ನಷ್ಟವನ್ನು ತುಂಬಿರದಿದ್ದರೆ ಪತ್ರದಲ್ಲಿ ‘ವರ್ಗಾವಣೆ’ ಎಂಬ ಮಾತಿದೆಯೇ ಎಂದು ನೋಡಿಯೇ ಸಹಿ ಹಾಕಿ.

20. ಜೀವ ವಿಮೆಗೆ ಈ ನಿಯಮ ಅನ್ವಯಿಸುವುದಿಲ್ಲ. ಮನುಷ್ಯನ ಪ್ರಾಣಕ್ಕೆ ಇಷ್ಟೇ ಎಂದು ಬೆಲೆ ಕಟ್ಟಿ ನಷ್ಟ ತುಂಬಲು ಆಗದು. ಹೆಲೆನ್ ರೆಬೆಲೊ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟು, ಜೀವ ವಿಮೆಯ ಹಣ ಬಂದಿದೆ ಎಂಬ ಕಾರಣಕ್ಕೆ ಮೋಟಾರು ಅಪಘಾತದ ಪರಿಹಾರ ಕಡಿತ ಮಾಡುವಂತಿಲ್ಲ ಎಂದಿತು. ಮನೆಯ ಯಜಮಾನರನ್ನು ಕಳೆದುಕೊಂಡ ಕುಟುಂಬ ಎರಡನ್ನೂ ಪಡೆಯಬಹುದು.

21. ಅಪಘಾತ ಮಾಡಿದ ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೆ? ‘ಮೊದಲು ಕೊಡು, ಆಮೇಲೆ ವಸೂಲಿ ಮಾಡು’ ಎಂಬ ಆದೇಶಗಳಿಗೆ 2004ರ ಸ್ವರಣ್ ಸಿಂಗ್ ತೀರ್ಪು ಆಧಾರ. ಕಂಪನಿ ಗಾಯಾಳುವಿಗೆ ಹಣ ಕೊಡುತ್ತದೆ, ಬಳಿಕ ತನ್ನದೇ ಪಾಲಿಸಿದಾರರಾದ ವಾಹನ ಮಾಲೀಕರಿಂದ ವಸೂಲಿ ಮಾಡುತ್ತದೆ. ಇದು ಸಬ್ರೊಗೇಷನ್ನಿಗಿಂತ ಬೇರೆಯ ಹಕ್ಕು. ಗಾಡಿಯ ಕೀಲಿಯನ್ನು ಯಾರ ಕೈಗೆ ಕೊಡುತ್ತೀರಿ ಎಂಬುದರ ಮೇಲೆ ನಿಮ್ಮ ಮನೆಯ ಆಸ್ತಿ ನಿಂತಿದೆ.

22. ಎರಡು ಕಾರು ಗುದ್ದಿದಾಗ ತಮ್ಮ ತಮ್ಮ ಗ್ರಾಹಕರ ರಿಪೇರಿ ಖರ್ಚನ್ನು ತಾವೇ ಹೊತ್ತು, ಪರಸ್ಪರ ವಸೂಲಿಗೆ ಹೋಗದಿರುವ ಒಪ್ಪಂದಕ್ಕೆ ವಿಮಾ ವಲಯದಲ್ಲಿ ‘ನಾಕ್ ಫಾರ್ ನಾಕ್’ ಎನ್ನುತ್ತಾರೆ. ಕೋರ್ಟಿನ ಖರ್ಚು ಉಳಿಯುತ್ತದೆ. ಆದರೆ ತಪ್ಪು ನಿಮ್ಮದಲ್ಲದಿದ್ದರೂ ನಿಮ್ಮ ಪಾಲಿಸಿಯಲ್ಲಿ ಕ್ಲೇಮು ಮಾಡಿದರೆ ಶೇ. 20ರಿಂದ 50ರವರೆಗಿನ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಸಣ್ಣ ರಿಪೇರಿಗೆ ಕ್ಲೇಮು ಮಾಡುವ ಮೊದಲು ಲೆಕ್ಕ ಹಾಕಿ.

ಇದೇ ಕುಲದ ಹಕ್ಕುಗಳು

23. ಸೊಸೈಟಿ ಸಾಲಕ್ಕೆ ಜಾಮೀನು ನಿಂತು, ಸಾಲಗಾರರು ಕಟ್ಟದೆ ನೀವೇ ಕಟ್ಟಿದಿರಾ? 1872ರ ಕರಾರು ಕಾಯ್ದೆಯ ಸೆಕ್ಷನ್ 140ರ ಪ್ರಕಾರ ಸಾಲ ಕೊಟ್ಟವರ ಹಕ್ಕುಗಳೆಲ್ಲ ಈಗ ನಿಮ್ಮವು. ಸೆಕ್ಷನ್ 141ರಂತೆ, ನೀವು ಜಾಮೀನು ನಿಲ್ಲುವಾಗ ಸೊಸೈಟಿಯ ಬಳಿ ಇದ್ದ ಅಡಮಾನದ ಪ್ರಯೋಜನವೂ ನಿಮಗೆ ಸಿಗುತ್ತದೆ. ಸಾಲಗಾರರ ಮೇಲೆ ವಸೂಲಿ ದಾವೆ ಹೂಡಬಹುದು. ಇದು ಗೊತ್ತಿಲ್ಲದೆ ಎಷ್ಟೋ ಜಾಮೀನುದಾರರು ಹಣೆಬರಹ ಎಂದು ಸುಮ್ಮನಾಗುತ್ತಾರೆ.

24. ಬ್ಯಾಂಕು ಮುಳುಗಿದರೆ ಠೇವಣಿ ವಿಮಾ ನಿಗಮ ಪ್ರತಿ ಠೇವಣಿದಾರರಿಗೆ ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ಕೊಡುತ್ತದೆ. 2020ರ ಫೆಬ್ರುವರಿ 4ರಿಂದ ಜಾರಿಯಲ್ಲಿರುವ ಮಿತಿ ಇದು. ಬ್ಯಾಂಕಿನ ಸಾಲ ವಸೂಲಾಗಿ ಹಣ ಬಂದಂತೆಲ್ಲ ನಿಗಮ ತಾನು ಕೊಟ್ಟದ್ದನ್ನು ಅಲ್ಲಿಂದ ಮರಳಿ ಪಡೆಯುತ್ತದೆ.

ಗಡುವು ಮೀರಿದರೆ ಹಕ್ಕು ಹೋಯಿತು

25. ಹಣ ಕೊಟ್ಟ ದಿನದಿಂದ ಕಂಪನಿಗೆ ಹೊಸ ಗಡುವೇನೂ ಸಿಗುವುದಿಲ್ಲ. ನಿಮ್ಮ ಗಡುವೇ ಅದರ ಗಡುವು. ಸರಕು ಹಾಳಾದದ್ದಕ್ಕೆ ರಸ್ತೆ ಸಾಗಣೆದಾರರ ಮೇಲಿನ ದಾವೆಗೆ ಸಾಮಾನ್ಯವಾಗಿ ಮೂರು ವರ್ಷ. ಆದರೆ 2007ರ ರಸ್ತೆ ಸಾಗಣೆ ಕಾಯ್ದೆಯ ಸೆಕ್ಷನ್ 16ರಂತೆ, ಸರಕು ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಕೊಡದಿದ್ದರೆ ದಾವೆಯ ಬಾಗಿಲು ಮುಚ್ಚಿದಂತೆ. ನೋಟಿಸನ್ನು ಕಂಪನಿ ಕಳಿಸುತ್ತದೆ ಎಂದು ಕಾಯಬೇಡಿ.

26. ಬೆಂಗಳೂರಿನಿಂದ ವಿಮಾನದಲ್ಲಿ ಹೋದ ಗುಲಾಬಿಯ ಪೆಟ್ಟಿಗೆ ಹಾಳಾದರೆ? ಅಂತರರಾಷ್ಟ್ರೀಯ ಸಾಗಣೆಯಲ್ಲಿ ಸರಕು ಕೈಸೇರಿದ 14 ದಿನದೊಳಗೆ ಲಿಖಿತ ದೂರು, ಎರಡು ವರ್ಷದೊಳಗೆ ದಾವೆ. ಪ್ರಯಾಣಿಕರ ಸೂಟ್‌ಕೇಸಿಗೆ ಹಾನಿಯಾದರೆ ದೂರಿಗೆ 7 ದಿನ ಮಾತ್ರ. ಮಂಗಳೂರಿನಿಂದ ಹಡಗಿನಲ್ಲಿ ಹೋದ ಕಾಫಿ ಮೂಟೆಗಳಿಗಾದರೆ ದಾವೆಯ ಗಡುವು ಒಂದೇ ವರ್ಷ.

27. ಬೆಲೆ ಬರೆಸದೆ ಲಾರಿಗೆ ಹಾಕಿದ ಸರಕಿಗೆ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 20,000 ರೂಪಾಯಿ ಬಾಡಿಗೆಯಾದರೆ 2 ಲಕ್ಷ. ಒಳಗಿದ್ದದ್ದು 30 ಲಕ್ಷದ ರೇಷ್ಮೆಯೇ ಆದರೂ ಅಷ್ಟೇ. ನಿಮಗಿಲ್ಲದ ಹಣ ಕಂಪನಿಗೂ ಸಿಗದು. ಬೆಲೆಯುಳ್ಳ ಸರಕಿನ ಮೌಲ್ಯವನ್ನು ಬುಕ್ ಮಾಡುವಾಗಲೇ ಘೋಷಿಸಿ.

ನಿಮ್ಮ ಕೈಯಲ್ಲಿರುವುದು

28. ಮೂಟೆ ಹರಿದು ಬಂದಿದ್ದರೂ ‘ಸರಕು ಸರಿಯಾಗಿ ತಲುಪಿದೆ’ ಎಂದು ಸಹಿ ಹಾಕಿಕೊಟ್ಟರೆ ಸಾಗಣೆದಾರರ ಕೈಗೆ ನೀವೇ ಸಾಕ್ಷಿ ಕೊಟ್ಟಂತೆ. ಲಾರಿ ರಸೀದಿಯ (ಎಲ್‌ಆರ್) ಮೇಲೆ ಹಾನಿಯನ್ನು ಬರೆಯಿರಿ, ಫೋಟೋ ತೆಗೆಯಿರಿ, ಅವರಿಂದ ಡ್ಯಾಮೇಜ್ ಸರ್ಟಿಫಿಕೇಟ್ ಕೇಳಿ ಪಡೆಯಿರಿ. ಸರ್ವೇಯರ್ ನೋಡುವವರೆಗೂ ಹಾಳಾದ ಸರಕನ್ನು ವಿಲೇವಾರಿ ಮಾಡಬೇಡಿ.

29. ಅಪಘಾತವಾದ ಜಾಗದಲ್ಲೇ 5,000 ರೂಪಾಯಿ ಪಡೆದು ‘ಇನ್ನು ಯಾವ ತಕರಾರೂ ಇಲ್ಲ’ ಎಂದು ಬರೆದುಕೊಟ್ಟರೆ ನಿಮ್ಮ ಹಕ್ಕು ಅಲ್ಲಿಗೇ ಮುಗಿಯಿತು. ಅದರೊಂದಿಗೆ ಕಂಪನಿಯ ಹಕ್ಕೂ ಹೋಯಿತು. ಆಗ ಅದು ಕ್ಲೇಮು ಕಡಿತ ಮಾಡಬಹುದು, ಕೊಟ್ಟದ್ದನ್ನು ವಾಪಸು ಕೇಳಬಹುದು. ಕಂಪನಿಗೆ ತಿಳಿಸದೆ ರಾಜಿ ಪತ್ರಕ್ಕೆ ಸಹಿ ಬೇಡ. ಮೊದಲೇ ಹಕ್ಕು ಬಿಟ್ಟುಕೊಡುವ ಷರತ್ತು ಗೋದಾಮಿನ ಕರಾರಿನಲ್ಲೋ ಕಟ್ಟಡದ ಗುತ್ತಿಗೆಯಲ್ಲೋ ಇದ್ದರೆ ಅದನ್ನೂ ಪಾಲಿಸಿ ಮಾಡಿಸುವಾಗಲೇ ತಿಳಿಸಿ.

30. ಕ್ಲೇಮು ಮುಗಿದ ಮೇಲೂ ನಿಮ್ಮ ಪಾಲು ಬಾಕಿ ಇರಬಹುದು. ವಿಮೆ ತುಂಬದ ಭಾಗ ಎಷ್ಟು, ಸಾಗಣೆದಾರರಿಂದಲೋ ತಪ್ಪು ಮಾಡಿದವರಿಂದಲೋ ಏನಾದರೂ ವಸೂಲಾಯಿತೇ, ಅದರಲ್ಲಿ ನಿಮ್ಮ ಪಾಲೆಷ್ಟು ಎಂದು ಕಂಪನಿಯನ್ನು ಲಿಖಿತವಾಗಿ ಕೇಳಿ. ಸಹಿ ಹಾಕಿದ ಪತ್ರದ ಪ್ರತಿಯನ್ನು ಪಾಲಿಸಿಯ ಜೊತೆಗೇ ಇಡಿ. ಕಂಪನಿ ನಡೆಸುವ ದಾವೆಗೆ ಸಾಕ್ಷಿ ಹೇಳಲು ಕರೆದರೆ ತಪ್ಪದೆ ಹೋಗಿ. ನಷ್ಟದ ಹೊರೆ ಅದಕ್ಕೆ ಕಾರಣರಾದವರ ಮೇಲೆಯೇ ಬಿದ್ದರೆ ನಿಮ್ಮ ಬಾಕಿಯೂ ತೀರೀತು, ಪ್ರೀಮಿಯಂ ಕಟ್ಟುವ ಉಳಿದವರ ಹಣವೂ ಉಳಿದೀತು.